ಗುಡಿಸಿದ ಅಂಗಳ

ಕಾರವಾರದ ಮಾತು ಬಂದಿತೆಂದರೆ ಸಾಕು, ನಮ್ಮ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು ರವೀಂದ್ರನಾಥ ಠಾಕೂರರ ಹೆಸರನ್ನು ಎತ್ತದೆ ಬಿಡುವುದಿಲ್ಲ. ಆ ಮಹಾಕವಿ ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1883ರಲ್ಲಿ, ಈ ಕೊಲ್ಲಿಯ ದಂಡೆಯ ಮೇಲೆ ಕೆಲವು ಕಾಲ ಇದ್ದರು. ಇಲ್ಲಿಯ ಬೆಳುದಿಂಗಳನ್ನು ಕಂಡು ಮೈಮರೆತರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಇಷ್ಟು ಹೇಳಿ ಭಾಷಣಕಾರರು ಕುಳಿತುಕೊಳ್ಳುತ್ತಾರೆ. ಕೇಳಿದವರಿಗೂ ತೃಪ್ತಿ. ಸಮುದ್ರದಂಡೆಗೆ ಕವಿಯ ಹೆಸರನ್ನೇ ಇಟ್ಟಿದ್ದೇವೆ. ನಾನು ಹುಟ್ಟಿ ಬೆಳೆದುದು ಆ ಕೊಲ್ಲಿಯ ಅಂಚಿನಲ್ಲಿಯೇ ಆದುದರಿಂದ ಈ ಪ್ರಶಂಸಾಪತ್ರದಲ್ಲಿ ನನ್ನದೂ ಒಂದು ಪಾಲಿದೆಯೆಂದು ಬಹುಕಾಲ ಹಿಗ್ಗಿದವನು. ಆದರೆ ಪ್ರಶಂಸಾಪತ್ರವನ್ನು ಗೋಡೆಗೆ ತೂಗುಹಾಕಿದ ಮೇಲೆ ಅದನ್ನು ಓದುವವರು ಕಡಮೆ. ಕಾರವಾರದ ಬಗೆಗೆ ಕವಿ ಬರೆದುದನ್ನು ಸಾವಧಾನವಾಗಿ ಓದಿದರೆ ಅದರಲ್ಲಿ ನಮಗೆ ಮುಜುಗರವಾಗಬೇಕಾದ ಒಂದು ಸಂಗತಿ ಇದೆ. ಅದನ್ನು ಕುರಿತೇ ಇಲ್ಲಿ ನಾಲ್ಕು ಮಾತು.

‘ಜೀವನಸ್ಮೃತಿ’ ಅಚ್ಚಾದುದು 1912ರಲ್ಲಿ. ಕಾರವಾರವನ್ನು ಬಿಟ್ಟು ಸುಮಾರು ಮೂವತ್ತು ವರ್ಷಗಳ ಮೇಲೆ. ಅದರಲ್ಲಿ ಕಾರವಾರಕ್ಕೆ ದೊರೆತಿರುವುದು ಕೆಲವೇ ಪುಟ. ಬೆಟ್ಟಗಳು ಸುತ್ತುವರಿದ ಚಿಕ್ಕ ಬಂದರು, ಅರ್ಧಚಂದ್ರಾಕೃತಿಯ ಮರಳದಂಡೆ, ಗಾಳಿಮರಗಳ ಸಾಲು, ದಂಡೆಯ ಒಂದು ತುದಿಯಲ್ಲಿ ಸಮುದ್ರ ಸೇರುವ ‘ಕಾಲಾನದಿ’, ಎಂದರೆ ನಮ್ಮ ಕಾಳಿ. ಒಂದು ಬೆಳುದಿಂಗಳ ರಾತ್ರಿ ಅವರು ತಮ್ಮವರೊಡನೆ ದೋಣಿಯಲ್ಲಿ ಹೊಳೆಯ ಮೇಲುಮುಖವಾಗಿ ಹೋದರು. ಒಂದು ಹಳೆಯ ಗಿರಿದುರ್ಗದ ಹತ್ತಿರ ದೋಣಿಯನ್ನು ನಿಲ್ಲಿಸಿ ಇಳಿದರು. ಅಲ್ಲಿ ಒಬ್ಬ ರೈತನ ಮನೆ. ಅದರ ಮುಂದೆ ಚೊಕ್ಕಟವಾಗಿ ಗುಡಿಸಿದ ಅಂಗಳ. ಬೇಲಿಯ ಮೇಲಿನಿಂದ ಬೆಳುದಿಂಗಳು ಬೀಳುತ್ತಿದ್ದ ಜಾಗವನ್ನು ಆರಿಸಿಕೊಂಡು, ತಾವು ತಂದಿದ್ದ ತಿನಿಸನ್ನು ಅಲ್ಲಿ ಕುಳಿತು ತಿಂದರು. ಬರುವಾಗ ದೋಣಿಯನ್ನು ಹೊಳೆಯ ಓಟಕ್ಕೆ ಬಿಟ್ಟರು. ಮುಖಕ್ಕೆ ತಲಪುವ ಹೊತ್ತಿಗೆ ಬಹಳ ರಾತ್ರಿಯಾಗಿದ್ದಿತು. ಸಮುದ್ರದಲ್ಲಿ ಹೋಗದೆ ಇಳಿದು, ಮರಳಿನ ಮೇಲೆ ನಡೆದು ಮನೆಗೆ ಬಂದರು. ಅಲೆಯಿಲ್ಲ, ಎಲೆಯ ಸದ್ದಿಲ್ಲ. ಆ ರಾತ್ರಿಯೇ, ಮಲಗುವ ಮುನ್ನ, ಒಂದು ಪದ್ಯ ಬರೆದರು.

ಈ ಪುಟವನ್ನು ನಾನು ಶಾಲೆಯಲ್ಲಿಯೇ ಓದಿದ್ದೆ. ನಮ್ಮ ಮಾಸ್ತರರು ಇದರ ಸಾರವನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರು. ಬಹಳ ವರ್ಷಗಳಾದ ಮೇಲೆ ಒಂದು ರಜೆಯಲ್ಲಿ ಊರಿಗೆ ಹೋದಾಗ, ಅದೇ ಪುಟವನ್ನು ನನ್ನ ಮಾವಶಿಗೆ ಕೊಂಕಣಿಯಲ್ಲಿ ತಿರುಗಿಸಿ ಹೇಳಿದೆ. ಮಾವಶಿ ಓದುಬರಹ ಬಲ್ಲವಳಲ್ಲ. ಕಾಳಿಯ ಅಳಿವೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಬಳಚು ಹೆಕ್ಕಿ, ಬುಟ್ಟಿಯಲ್ಲಿ ಹೊತ್ತು ಮಾರಿ, ಮೂರು ಮಕ್ಕಳನ್ನು ಸಾಕಿದವಳು. ಕೊನೆಯವರೆಗೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಳ ಗುಡಿಸಿತ್ತು ಅಂದರೆ ಮನೆಯಲ್ಲಿ ಹೆಂಗಸರಿದ್ದರು. ಅವರು ಎಲ್ಲಿದ್ದರು ಬಾಬಾ?” ಎಂದಳು.

“ಬರೆದಿಲ್ಲ, ಮಾವಶಿ.”

“ಜಡ್ಜ ಸಾಹೇಬರ ತಮ್ಮ ಬಂದಿದ್ದಾರೆ ಅಂದರೆ ಒಳಗೇ ಇದ್ದಾರು. ದೀಪ ಆರಿಸಿಕೊಂಡು ಇದ್ದಾರು. ತಿಂದದ್ದನ್ನು ಬೆಳಿಗ್ಗೆ ಯಾರು ಎತ್ತಿದರೋ!”

ಅವಳ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ದೊಡ್ಡವರ ಮನೆಯವರು ಬಂದರೆ ಹೀಗೆಯೇ ಆಗುತ್ತದೆಂಬ ತಿಳಿವಳಿಕೆ ಇದ್ದಿತು. ಅವಳಿಗೆ ಕುತೂಹಲವಾದುದು ಬೇರೊಂದು ವಿಷಯದಲ್ಲಿ. ನಮ್ಮ ಕಡೆ ಹುಣ್ಣಿಮೆಯ ದಿನ ಸಂಜೆ ಐದರ ಸುಮಾರಿಗೆ ಸುಕ್ತಿ ಮುಗಿದು ಭರ್ತಿ ಆರಂಭವಾಗುತ್ತದೆ. ರಾತ್ರಿ ಹನ್ನೊಂದರ ಸುಮಾರಿಗೆ ಅಳಿವೆ ತುಂಬುತ್ತದೆ. ಆಮೇಲೆ ನೀರು ಇಳಿಯತೊಡಗುತ್ತದೆ. ಆದುದರಿಂದ ಸಂಜೆ ಹೊರಟ ದೋಣಿಯನ್ನು ಭರ್ತಿಯೇ ಮೇಲಕ್ಕೆ ಒಯ್ದಿರಬೇಕು, ಮರಳುವಾಗ ಸುಕ್ತಿಯೇ ಕೆಳಕ್ಕೆ ತಂದಿರಬೇಕು. ರಾತ್ರಿ ಏರಿದಂತೆ ಅಳಿವೆಯ ಬಾಯಿಯಲ್ಲಿ ಮರಳದಿಬ್ಬ ಎದ್ದಿತೆಂದೇ ಇಳಿದು ನಡೆದಿರಬೇಕು. “ದೋಣಿಯವನು ಹುಷಾರಿ ಮನುಷ್ಯ” ಎಂದಳು ಮಾವಶಿ. ಕವಿಯ ಪುಟದಲ್ಲಿ ದೋಣಿಯವನಿಲ್ಲ. ಹೊರಡುವ ಹೊತ್ತನ್ನು ಗೊತ್ತುಮಾಡಿದವನು, ಊಟ ಮುಗಿಸಿ ಏಳಿರೆಂದವನು, ದಿಬ್ಬವನ್ನು ಕಂಡು ಇಲ್ಲಿಯೇ ಇಳಿಯಿರೆಂದವನು ಯಾರೋ ಒಬ್ಬ ಅಂಬಿಗನೋ ಖಾರ್ವಿಯೋ ಆಗಿರಬೇಕು. ದೋಣಿ ತಾನಾಗಿ ತೇಲಿತೆಂದು ಕವಿಗೆ ತೋರಿದುದು ಅವನ ಕುಶಲತೆಯಿಂದ.

ಅಲ್ಲಿಂದ ಮುಂದೆ ಆ ಪುಟ ನನಗೆ ಮೊದಲಿನಂತೆ ಕಾಣಲಿಲ್ಲ. ಅದರ ಚೆಲುವು ಕಡಮೆಯಾಯಿತೆಂದು ನಾನು ಹೇಳಲಾರೆ. ಆದರೆ ಅದು ಎಲ್ಲಿಂದ ನೋಡಿದ ಚೆಲುವು ಎಂಬುದು ತಿಳಿಯಿತು. ಕಾರವಾರ ಸಂಸ್ಕೃತಕಾವ್ಯದ ಮಲಯಪರ್ವತದ ಸೀಮೆ, ಏಲಕ್ಕಿಯ ಬಳ್ಳಿಯೂ ಗಂಧದ ಮರವೂ ಬೆಳೆಯುವ ನಾಡು, ಎಂದು ಕವಿ ಪರಿಚಯ ಮಾಡಿಕೊಡುತ್ತಾರೆ. ಗಂಧ ನಮ್ಮ ಕಡಲಂಚಿನ ಮರವಲ್ಲ. ಅದು ಘಟ್ಟದಾಚೆಯ ಒಣಸೀಮೆಯದು. ಕಡಲಂಚಿನಲ್ಲಿರುವುದು ತೆಂಗು, ಗೇರು, ಅಳಿವೆಯ ಕೆಸರಿನಲ್ಲಿ ಬೇರೂರಿದ ಕಾಂಡ್ಲಾ. ತರುಣಕವಿ ತಂದ ನಕಾಶೆ ಕಾಳಿದಾಸನ ಕಾಲದ್ದು. ಗಿರಿದುರ್ಗವನ್ನು ಅವರು ಶಿವಾಜಿಯದೆನ್ನುತ್ತಾರೆ. ಅದು ಸದಾಶಿವಗಡವೇ ಆಗಿದ್ದರೆ, ಅದನ್ನು ಕಟ್ಟಿಸಿದವರು ಸೋಂದೆಯ ಅರಸರು, 1715ರ ಸುಮಾರಿಗೆ. ಶಿವಾಜಿ ತೀರಿಕೊಂಡುದು 1680ರಲ್ಲಿ. ಶಿವಾಜಿ ಕಾರವಾರಕ್ಕೆ ಬಂದುದೇನೋ ನಿಜ: 1665ರಲ್ಲಿ ಬಂದು ಪೇಟೆಯ ಮೇಲೆ ಕಾಣಿಕೆ ಹೇರಿದನು, ಅದರಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡು. ಇನ್ನು ಗಾಳಿಮರ. ಆ ಪುಟದ ಸಂಗೀತವೆಲ್ಲ ಆ ಮರದ್ದೇ. ಅದು ಹೊರನಾಡಿನ ಮರ. ಅರಣ್ಯ ಇಲಾಖೆಯವರು ಅದನ್ನು ಕಾರವಾರದ ಮರಳಿನಲ್ಲಿ ನೆಡತೊಡಗಿದುದು 1868ರ ಸುಮಾರಿಗೆ. ಕವಿ ಕಂಡಾಗ ಅದಕ್ಕೆ ಹದಿನೈದು ವರ್ಷ. ಎಂದೆಂದಿಗೂ ಇದ್ದ ಪ್ರಕೃತಿಯೆಂದು ಅವರು ಆಲಿಸಿದ ಮರ್ಮರ ಅವರಿಗಿಂತ ಕಿರಿಯದು! ಇದರಲ್ಲಿ ಕವಿಯ ತಪ್ಪೇನೂ ಇಲ್ಲ. ಅತಿಥಿಗೆ ಇದನ್ನೆಲ್ಲ ಯಾರೂ ಹೇಳುವುದಿಲ್ಲ. ನಾವು ಊರವರು ಹೇಳಿಕೊಳ್ಳಬಹುದಾಗಿದ್ದಿತು.

ಇನ್ನೊಂದು ಪುಸ್ತಕದ ಮಾತಿಗೆ ಬರುತ್ತೇನೆ. ಬಾಂಬೆ ಗ್ಯಾಸೆಟಿಯರಿನ ಹದಿನೈದನೆಯ ಸಂಪುಟ, ಕೆನರಾ ಜಿಲ್ಲೆಯದು, ಜೇಮ್ಸ್ ಕ್ಯಾಂಬೆಲ್ ಸಾಹೇಬರ ಸಂಪಾದಕತ್ವದಲ್ಲಿ ಎರಡು ಭಾಗಗಳಾಗಿ ಹೊರಬಂದುದು ಅದೇ 1883ರಲ್ಲಿ. ಒಂದೇ ವರ್ಷ, ಒಂದೇ ಕೊಲ್ಲಿ! ಇಲ್ಲಿ ಕವಿ ಚಂದ್ರನನ್ನು ನೋಡುತ್ತಿರುವಾಗ ಅಲ್ಲಿ ಆ ಸಂಪುಟ ನೀರಿನ ಆಳ, ಬೆಟ್ಟದ ಎತ್ತರ, ಬಂದರಿನ ಆಮದು–ರಫ್ತುಗಳನ್ನು ಬರೆದುಕೊಳ್ಳುತ್ತಿದ್ದಿತು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುವುದು ಒಂದು ವಿಚಿತ್ರ ಅನುಭವ. ಕವಿಯ ಪುಟದಲ್ಲಿಲ್ಲದ ಜನರೆಲ್ಲ ಇಲ್ಲಿದ್ದಾರೆ. ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು, ಭೋಯಿಗಳು, ಎಲ್ಲರಿಗೂ ಒಂದೊಂದು ಪರಿಚ್ಛೇದ. ಏನು ಉಡುತ್ತಾರೆ, ಏನು ಉಣ್ಣುತ್ತಾರೆ, ಮದುವೆ ಹೇಗೆ, ಹೆಣವನ್ನು ಸುಡುತ್ತಾರೋ ಹೂಳುತ್ತಾರೋ, ಯಾವುದನ್ನೂ ಬಿಟ್ಟಿಲ್ಲ. ಆದರೆ ಮೂರು ನಾಲ್ಕು ಜಾತಿಗಳ ವಿವರಣೆ ಓದುವಷ್ಟರಲ್ಲಿ ಓದುಗನಿಗೆ ಆಕಳಿಕೆ ಬರುತ್ತದೆ. ಇವರು ಕಷ್ಟಸಹಿಷ್ಣುಗಳು, ಇವರು ಮಿತವ್ಯಯಿಗಳು, ಇವರು ಕೊಂಚ ಕುಡಿಯುವವರು ಎಂದು ನಾಲ್ಕಾರು ವಿಶೇಷಣಗಳನ್ನೇ ತಿರುಗಿಸಿ ಮುರುಗಿಸಿ ಎಲ್ಲರಿಗೂ ಹಂಚಿದ್ದಾರೆ, ಸರಕಾರಿ ಅಂಗಡಿಯ ಧಾನ್ಯದಂತೆ. ಒಬ್ಬ ಮನುಷ್ಯನ ಮುಖವೂ ಕಾಣುವುದಿಲ್ಲ. ಕವಿಯ ಅಂಗಳದಲ್ಲಿ ಮನೆಯವರಿಲ್ಲ. ಕ್ಯಾಂಬೆಲ್ಲರ ಸಂಪುಟದಲ್ಲಿ ಮನೆಯವರಿದ್ದಾರೆ, ಅಂಗಳವಿಲ್ಲ.

ಹಾಗಿದ್ದರೂ ಈ ಒಣಪುಸ್ತಕಕ್ಕೆ ನಾನು ಋಣಿ. ಕವಿ ಕಾರವಾರಕ್ಕೆ ಏಕೆ ಬಂದರೆಂಬುದನ್ನು ನಿಜವಾಗಿ ತಿಳಿಸುವುದು ಇಂಥ ಪುಸ್ತಕವೇ. ಅವರು ಬಂದುದು ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದುದರಿಂದ. ಸತ್ಯೇಂದ್ರನಾಥರು ಐ. ಸಿ. ಎಸ್. ಸೇರಿದ ಮೊದಲನೆಯ ಭಾರತೀಯರು. ಆದರೆ ಈ ಚಿಕ್ಕ ಊರಿನಲ್ಲಿ ಜಿಲ್ಲಾ ನ್ಯಾಯಾಲಯ ಏಕಿದ್ದಿತು? ಬಂದರಿಗಾಗಿ. ಮದ್ರಾಸ್ ಇಲಾಖೆಯಲ್ಲಿದ್ದ ಉತ್ತರ ಕೆನರಾವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದರು; ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೇರಿಸಲು ಹತ್ತಿಯ ವರ್ತಕರಿಗೆ ಇಲ್ಲೊಂದು ರೇವು ಬೇಕಾಗಿದ್ದಿತು. ಅದೇ ಸಮಯಕ್ಕೆ ಅಮೇರಿಕೆಯಲ್ಲಿ ಅಂತರ್ಯುದ್ಧ (1861–65) ನಡೆದು ಅಲ್ಲಿಯ ಹತ್ತಿ ನಿಂತುಹೋಗಿ, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹಿಂದೂದೇಶದ ಹತ್ತಿ ಬಂಗಾರವಾಯಿತು. 1864ರಲ್ಲಿ ಕೊಲ್ಲಿಯೆದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭವೂ ಎದ್ದಿತು.

ಯೋಜನೆ ಮಾಡಿದವರ ಕಣ್ಣು ಕೆಟ್ಟುದೆನ್ನುವಂತಿಲ್ಲ. ಕೊಲ್ಲಿಯ ದಕ್ಷಿಣಕ್ಕೆ ಭೂಶಿರವೊಂದು ಸಮುದ್ರದೊಳಗೆ ಮುನ್ನುಗ್ಗಿ ನಿಂತಿದೆ. ನೈಋತ್ಯದ ಮಳೆಗಾಳಿ ಅದರ ಬೆನ್ನಿಗೆ ಬಡಿಯುತ್ತದೆ. ಅದರ ಮರೆಯಲ್ಲಿ ಬೈತಖೋಲದ ನೀರು ಆಷಾಢದಲ್ಲಿಯೂ ಒಂದು ಮಟ್ಟಿಗೆ ಶಾಂತವಾಗಿರುತ್ತದೆ. ಅರಬ ನಾವಿಕರು ಇದನ್ನು ಬಹಳ ಹಿಂದೆಯೇ ಅರಿತಿದ್ದರೆಂದೂ ಹೆಸರು ಅವರ ಮಾತಿನಿಂದಲೇ ಬಂದುದೆಂದೂ ಹೇಳುವವರುಂಟು. ಇಂಗ್ಲಿಷರು 1638ರಲ್ಲಿಯೇ ಇಲ್ಲಿ ಕೋಠಿ ತೆರೆದುದು ಮೆಣಸಿಗಾಗಿ, ಬಟ್ಟೆಗಾಗಿ. ಮತ್ತು ಈ ಮರೆಗಾಗಿ. ಆದರೆ ರೈಲು ಬರಲಿಲ್ಲ. 1880ರ ದಶಕದಲ್ಲಿ ಹಳಿ ಪೋರ್ತುಗೀಜರ ಮುರಗಾವಿಗೆ ಇಳಿಯಿತು. ಕಾರವಾರಕ್ಕೆ ಉಳಿದುದು ಕಚೇರಿ, ಕೋರ್ಟು, ಜೈಲು, ಮತ್ತು ಬಯಸಿ ಬಂದವರಿಗೆ ಬೆಳುದಿಂಗಳು. ಕವಿ ಮೆಚ್ಚಿದ ಆ ನಿಶ್ಶಬ್ದ ಒಂದು ಕೈಗೂಡದ ಬಂದರಿನ ನಿಶ್ಶಬ್ದ. ಹತ್ತಿಯ ಲೆಕ್ಕಾಚಾರ ನಡೆಯದಿದ್ದಲ್ಲಿ ಜಡ್ಜರಿಲ್ಲ, ಜಡ್ಜರಿಲ್ಲದೆ ತಮ್ಮನಿಲ್ಲ, ‘ಪ್ರಕೃತಿರ್ ಪ್ರತಿಶೋಧ್’ ಎಲ್ಲಿ ಹುಟ್ಟುತ್ತಿದ್ದಿತೋ!

ಈ ನಾಟಕದ ಮಾತಿಗೆ ಬರುವುದಕ್ಕಾಗಿಯೇ ಇಷ್ಟು ದೂರ ನಡೆದೆ. ಪುಟವನ್ನು ಹೊಗಳುವವರಾರೂ ನಾಟಕವನ್ನು ಓದುವುದಿಲ್ಲ. ಹೆಸರು ಹೇಳಿ ಮುಗಿಸುತ್ತಾರೆ. ಸಂನ್ಯಾಸಿಯೊಬ್ಬನು ಗುಹೆಯಲ್ಲಿ ಕುಳಿತು, ಲೋಕದ ಮೋಹವನ್ನೆಲ್ಲ ಕಿತ್ತೊಗೆದೆ, ಪ್ರಕೃತಿಯನ್ನು ಗೆದ್ದೆ ಎಂದುಕೊಂಡು ಹೊರಗೆ ಬರುತ್ತಾನೆ. ದಾರಿಯಲ್ಲಿ ಹೋಗುವ ರೈತರು, ವಿದ್ಯಾರ್ಥಿಗಳು, ಹೆಂಗಸರು ಎಲ್ಲರೂ ಅವನಿಗೆ ಕ್ಷುದ್ರರಾಗಿ ಕಾಣುತ್ತಾರೆ. ಆಗ ಒಬ್ಬ ಹುಡುಗಿ ಸಿಕ್ಕುತ್ತಾಳೆ. ತಂದೆ ಸತ್ತವಳು, ಜಾತಿಯಿಂದ ಹೊರಗಾದವಳು. ಮುಟ್ಟಿದರೆ ಮೈಲಿಗೆಯೆಂದು ಎಲ್ಲರೂ ಅಟ್ಟಿದವಳು. ತನಗೆ ಯಾವ ಮೈಲಿಗೆಯೂ ಇಲ್ಲವೆಂಬ ಜಂಬದಿಂದ ಸಂನ್ಯಾಸಿ ಅವಳನ್ನು ಹತ್ತಿರ ಸೇರಿಸುತ್ತಾನೆ. ಮೆಲ್ಲಮೆಲ್ಲನೆ ಅವಳ ಮೇಲೆ ಮಮತೆ ಹುಟ್ಟುತ್ತದೆ. ಹೆದರಿ ಓಡಿಹೋಗುತ್ತಾನೆ. ಕೊನೆಗೆ ದಂಡ–ಕಮಂಡಲುಗಳನ್ನು ಎಸೆದು ಅವಳನ್ನು ಹುಡುಕಿಕೊಂಡು ಮರಳುತ್ತಾನೆ. ಅಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ.

ನಾಟಕವಾಗಿ ಇದರಲ್ಲಿ ದೋಷಗಳಿವೆ. ಸಂನ್ಯಾಸಿಯ ಸ್ವಗತಗಳು ಉದ್ದ. ಎಳೆಯ ಕವಿಯ ವಾಗ್ವಿಲಾಸ ಅಲ್ಲಲ್ಲಿ ಕಥೆಯನ್ನು ತಡೆಯುತ್ತದೆ. 1917ರ ಇಂಗ್ಲಿಷ್ ರೂಪದಲ್ಲಿ ಕವಿಯೇ ಬಹಳಷ್ಟನ್ನು ಬೋಳಿಸಿಬಿಟ್ಟಿದ್ದಾರೆ. ಆದರೂ, ತಮ್ಮ ಮುಂದಿನ ಬರಹಕ್ಕೆಲ್ಲ ಇದನ್ನು ಪೀಠಿಕೆಯೆನ್ನಬಹುದೆಂದು ‘ಜೀವನಸ್ಮೃತಿ’ಯಲ್ಲಿ ಕವಿಯೇ ಒಪ್ಪಿಕೊಂಡಿದ್ದಾರೆ: ಸೀಮೆಯೊಳಗೇ ಅಸೀಮವು ದೊರೆಯಬೇಕು ಎಂಬುದು ಇಲ್ಲಿಯೇ ಮೊದಲು ತಿಳಿಯಿತಂತೆ. ವಿಮರ್ಶಕರು ಈ ವಾಕ್ಯವನ್ನು ಹಿಡಿದು ವೇದಾಂತಕ್ಕೆ ಹೋಗುತ್ತಾರೆ. ನಾನು ಹಿಡಿಯುವುದು ಅಂಗಳವನ್ನು. ಬೆಳುದಿಂಗಳ ರಾತ್ರಿ ಒಬ್ಬರ ಅಂಗಳದಲ್ಲಿ ಕುಳಿತು, ಮನೆಯೊಳಗಿದ್ದವರನ್ನು ಕಾಣದೆ, ಅನಂತವನ್ನು ನೋಡಿ ಎದ್ದುಬಂದ ತರುಣ. ಲೋಕದ ನಡುವೆ ನಡೆದೂ ಲೋಕವನ್ನು ಕಾಣದ ಸಂನ್ಯಾಸಿ. ಇವರಿಬ್ಬರೂ ದೂರದವರೆಂದು ನನಗೆ ತೋರುವುದಿಲ್ಲ. ಕವಿ ಉದ್ದೇಶಪಟ್ಟು ಹೀಗೆ ಬರೆದರೆಂದು ನಾನು ವಾದಿಸುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ ಕಾರವಾರದ ಪುಟದಲ್ಲಿ ಒಬ್ಬರೂ ಇಲ್ಲದ ಬಡವರು, ಕಾರವಾರದ ನಾಟಕದಲ್ಲಿ ದಾರಿಯ ತುಂಬ ಇದ್ದಾರೆ. ಗುಡಿಸಿಲಿನೊಳಗೆ ದೀಪ ಆರಿಸಿಕೊಂಡಿದ್ದವರಲ್ಲಿ ಒಬ್ಬಳು ನಾಟಕದಲ್ಲಿ ಹೊರಗೆ ಬಂದು, ಸಂನ್ಯಾಸಿಯ ಸೆರಗು ಹಿಡಿದು ನಿಲ್ಲುತ್ತಾಳೆ. ಭಾವ ತುಂಬಿ ತುಳುಕುವಾಗ ಬರೆದುದು ಒಳ್ಳೆಯ ಸಾಹಿತ್ಯವಾಗಲೇಬೇಕೆಂದಿಲ್ಲ ಎಂದು, ಆ ರಾತ್ರಿ ಬರೆದ ಪದ್ಯವನ್ನು ಕುರಿತು ಕವಿಯೇ ಸಂಶಯಪಡುತ್ತಾರೆ. ಆ ಸಂಶಯ ನ್ಯಾಯವಾದುದು.

ಕೊಲ್ಲಿಯ ಮೇಲೆ ಅತಿಥಿಗಳ ಕಣ್ಣು ಬಿದ್ದುದು ಅದೇ ಮೊದಲಲ್ಲ. ಭೂಶಿರದ ಆಚೆ ಮಗ್ಗುಲಿಗೆ, ಬಿಣಗಾದ ಎದುರಿಗೆ, ಅಂಜದೀವ್ ದ್ವೀಪವಿದೆ. ವಾಸ್ಕೊ ಡ ಗಾಮ 1498ರಲ್ಲಿ ಅಲ್ಲಿ ತಂಗಿದನು; 1505ರಲ್ಲಿ ಅಲ್ಮೈಡ ಕೋಟೆ ಕಟ್ಟಿಸಿದನು. ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ದಂಡಿಗೆ ಪೋರ್ತುಗೀಜರು ಮುಂಬಯಿಯನ್ನು ಬಿಟ್ಟುಕೊಡಲಿಲ್ಲ. ಆ ಸಿಪಾಯಿಗಳು ಈ ದ್ವೀಪದಲ್ಲಿ ಕಾದರು. ಕಾಯುತ್ತ ಕಾಯುತ್ತ ಅವರಲ್ಲಿ ಹೆಚ್ಚಿನವರು ರೋಗದಿಂದ ಸತ್ತರು. 1664ರಲ್ಲಿ ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ ಸತ್ತನು. ದ್ವೀಪ ಪೋರ್ತುಗೀಜರ ಕೈಯಲ್ಲಿ 1961ರ ಡಿಸೆಂಬರದವರೆಗೆ ಇದ್ದಿತು. ಬಿಡಿಸಿಕೊಳ್ಳುವಾಗ ನಮ್ಮ ನೌಕಾದಳದ ಏಳು ಜನ ಪ್ರಾಣ ತೆತ್ತರು. ಆಮೇಲೆ 1986ರಲ್ಲಿ ಅರ್ಗಾದಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. 2005ರಲ್ಲಿ ‘ಕದಂಬ’ ಎಂಬ ಹೆಸರಿನಿಂದ ಅದು ಕೆಲಸ ಆರಂಭಿಸಿತು. ಅಂಜದೀವ್ ಈಗ ಅಲೆತಡೆಯ ಗೋಡೆಯಿಂದ ನೆಲಕ್ಕೆ ಅಂಟಿಕೊಂಡಿದೆ. ಅರ್ಗಾ ಸುತ್ತಿನ ಊರುಗಳು ಎದ್ದುಹೋದುವು. ದೇಶಕ್ಕೆ ಅದು ಬೇಕಾಗಿದ್ದೀತು. ಆ ವಾದಕ್ಕೆ ನಾನು ಹೋಗುವುದಿಲ್ಲ. ನನ್ನ ದೂರು ಸಾಹಿತ್ಯದ್ದು. ಒಂದು ದಂಡೆಗೆ ಕವಿಯ ಹೆಸರಿಟ್ಟು ಉತ್ಸವ ಮಾಡಿದ ನಾವು, ಪಕ್ಕದ ದಂಡೆಯಿಂದ ಎದ್ದುಹೋದ ಅಂಗಳಗಳ ಬಗೆಗೆ ಏನು ಬರೆದೆವು?

ಕನ್ನಡದಲ್ಲಿ ಕಡಲಿಗೆ ಬರವಿಲ್ಲ. ಗೋಕಾಕರ ‘ಸಮುದ್ರ ಗೀತೆಗಳು’ ಇವೆ. ಆದರೆ ಅದು ಹಡಗಿನ ಮೇಲಿನಿಂದ ಕಂಡ ಮಹಾಸಾಗರ. ಕಾರಂತರ ‘ಮರಳಿ ಮಣ್ಣಿಗೆ’ (1941) ಇದೆ. ಅದರಲ್ಲಿ ಮನೆಯ ಬೆನ್ನಿಗೇ ಕಡಲು ಮೊರೆಯುತ್ತದೆ, ಹೆಂಗಸರು ಅದರ ಪಕ್ಕದಲ್ಲಿ ದುಡಿದು ಸವೆಯುತ್ತಾರೆ. ನಾನು ಕೇಳುತ್ತಿರುವ ಕಣ್ಣು ಅದೇ. ಆದರೆ ಅದು ಕೋಟದ ಕಡಲು. ಚಿತ್ತಾಲರಿಗೆ ಹನೇಹಳ್ಳಿ, ದಿನಕರ ದೇಸಾಯಿಯವರಿಗೆ ಅಂಕೋಲೆಯ ರೈತರು. ಕಾಳಿಯ ಮುಖಕ್ಕೆ ಬಂದೊಡನೆ ನಮ್ಮ ಲೇಖನಿ ಬಂಗಾಲಿ ಬೆಳುದಿಂಗಳಲ್ಲಿ ಅದ್ದಿಕೊಳ್ಳುತ್ತದೆ. ಇದಕ್ಕೆ ಒಂದು ಕಾರಣ ನಾನು ಬಲ್ಲೆ. ಅಲ್ಲಿ ಮನೆಯ ಮಾತು ಕೊಂಕಣಿ. ಕನ್ನಡ ಶಾಲೆಯದು, ಕಚೇರಿಯದು. ಬಲೆ, ದೋಣಿ, ಗಾಳಿ, ನೀರು, ಇವುಗಳ ಹೆಸರೆಲ್ಲ ಕೊಂಕಣಿಯಲ್ಲಿ ಕಲಿತು, ಬರೆಯುವಾಗ ಕನ್ನಡದಲ್ಲಿ ಬರೆಯಹೊರಟವನಿಗೆ ಹೆಸರುಗಳು ಜಾರಿ ಬರಿಯ ‘ಸೌಂದರ್ಯ’ ಉಳಿಯುತ್ತದೆ. ನಾನೂ ಹಾಗೆ ಬರೆದಿದ್ದೇನೆ. ಆ ಕವಿತೆಗಳನ್ನು ಯಾರೂ ಹುಡುಕದಿರಲಿ.

ಕಳೆದುಹೋದುದು ಕಡಮೆಯೇ? ಊರಿಗೆ ಊರೇ ಸೇರಿ ದಂಡೆಯಿಂದ ಎಳೆಯುತ್ತಿದ್ದ ರಂಪಣಿ ಬಲೆ, ಎಳೆದವರಿಗೆಲ್ಲ ಹಂಚುತ್ತಿದ್ದ ಬಂಗಡೆ–ತಾರ್ಲಿಯ ಪಾಲು, ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಇಳಿದುಹೋಯಿತು. ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟು ಎದ್ದು, ಕಾಳಿ ಈಗ ಬಾಗಿಲು ತೆರೆದಾಗ ಹರಿಯುವ ಹೊಳೆ. 2024ರ ಆಗಸ್ಟ್ 7ರ ರಾತ್ರಿ ಹೊಳೆಯ ಹಳೆಯ ಸೇತುವೆ ಕುಸಿದು ನೀರಿಗೆ ಬಿದ್ದಿತು. ಆಗ ಮಾತ್ರ ಪತ್ರಿಕೆಗಳಲ್ಲಿ ಕಾಳಿಯ ಮುಖದ ಚಿತ್ರ ಮೊದಲ ಪುಟಕ್ಕೆ ಬಂದಿತು. ಚಿತ್ರದ ಹಿನ್ನೆಲೆಯಲ್ಲಿ ಸದಾಶಿವಗಡದ ಗುಡ್ಡ.

ಒಂದು ಸೂಚನೆ ಮಾಡಿ ಮುಗಿಸುತ್ತೇನೆ. ಪ್ರತಿವರ್ಷ ಕವಿಯ ಜಯಂತಿಗೆ ದಂಡೆಯ ಮೇಲೆ ಪೆಂಡಾಲು ಹಾಕಿ ಭಾಷಣ ಮಾಡಿಸುವ ಬದಲು, ಒಂದು ಸಲ ಆ ನಾಟಕವನ್ನು ಆಡಿಸಲಿ. ಸಂನ್ಯಾಸಿ ಬೇಕಾದರೆ ಗ್ರಾಂಥಿಕ ಕನ್ನಡದಲ್ಲಿಯೇ ಮಾತನಾಡಲಿ. ಅವನಿಗೆ ಅದು ಒಪ್ಪುತ್ತದೆ. ದಾರಿಹೋಕರ ಮಾತನ್ನೆಲ್ಲ ಕಾರವಾರದ ಕೊಂಕಣಿಯಲ್ಲಿಡಲಿ. ಆ ಪಾತ್ರಗಳಿಗೆ ಬೈತಖೋಲದ ಕಡೆಯಿಂದ ಜನರನ್ನು ಕರೆಯಲಿ. ವೇಷಭೂಷಣದ ಖರ್ಚೂ ಉಳಿಯುತ್ತದೆ. ಹುಣ್ಣಿಮೆಯ ದಿನವನ್ನು ಇಟ್ಟುಕೊಳ್ಳುವುದಾದರೆ ಭರ್ತಿಯ ಹೊತ್ತನ್ನು ಮೊದಲೇ ಯಾರಾದರೂ ದೋಣಿಯವರನ್ನು ಕೇಳಿಕೊಂಡು ಪೆಂಡಾಲನ್ನು ಸ್ವಲ್ಪ ಮೇಲಕ್ಕೆ ಹಾಕುವುದು ಒಳ್ಳೆಯದು.